ಒಂದಕ್ಕೆ ಗ್ರ್ಯಾಮಿ, ಒಂದಕ್ಕೆ ನೋಟಿಸು

'ಮ್ಯಾಶಪ್ ಅಂದ್ರೆ ಕದ್ದ ಮಾಲು ಗುರೂ, ಲಿಂಕಿನ್ ಪಾರ್ಕ್, ಜೇ-ಝೀ ಸೇರಿ ಮಾಡಿದ್ದೊಂದೇ ಅಸಲಿ' ಅಂತಾನೆ ಆಫೀಸಿನ ಗೆಳೆಯ. 2004ರ ಆ 'ಕೊಲಿಷನ್ ಕೋರ್ಸ್' ನನಗೂ ಇಷ್ಟಾನೇ. ಹಳ್ಳಿಯಿಂದ ಬಿಇಗೆ ಬಂದವನಿಗೆ ರ‍್ಯಾಪ್, ರಾಕ್ ಎರಡನ್ನೂ ಒಟ್ಟಿಗೆ ಹತ್ತಿಸಿದ್ದು ಅದರ ಆರೇ ಟ್ರ್ಯಾಕು. ಹಳೇ ಹಾಡುಗಳನ್ನ ಬರೀ ಅಂಟಿಸದೆ, ಸ್ಟುಡಿಯೋದಲ್ಲಿ ಹೊಸದಾಗಿ ಹಾಡಿದ್ರು. 'ನಂಬ್/ಎನ್‌ಕೋರ್'ಗೆ ಗ್ರ್ಯಾಮಿಯೂ ಬಂತು.

ಆದರೆ ಅದೇ ವರ್ಷದ ಆರಂಭದಲ್ಲೇ ಡೇಂಜರ್ ಮೌಸ್ ಅನ್ನೋನು ಇದೇ ಜೇ-ಝೀ ದನಿಯನ್ನ ಬೀಟಲ್ಸ್ ಸಂಗೀತಕ್ಕೆ ಬೆಸೆದು 'ಗ್ರೇ ಆಲ್ಬಮ್' ಮಾಡಿದ್ದ. ಇಎಂಐ ಕಂಪನಿ 'ಹಂಚೋದು ನಿಲ್ಲಿಸು' ಅಂತ ನೋಟಿಸ್ ಕಳಿಸಿತು. ಕಿವಿಗೆ ಲೈಸೆನ್ಸ್ ಕೇಳಿಸುತ್ತಾ? ನನಗಂತೂ ಕೇಳಿಸಿಲ್ಲ. ನಮ್ಮ ಹಾಸ್ಟೆಲಿಗೆ ಎರಡೂ ಬಂದಿದ್ದು ಒಂದೇ ಕಾಪಿ ಸೀಡಿಯಲ್ಲಿ. ಅದನ್ನ ರೈಟ್ ಮಾಡಿಕೊಟ್ಟಿದ್ದು ಇದೇ ಗೆಳೆಯ.