ಕ್ರೌಂಚಗಳ ಕಣಿವೆಯಲ್ಲಿ

ಕ್ಷೇತ್ರದರ್ಶನಕ್ಕೆ ಹೊರಟವರು ಗುಡಿಯ ಗೋಪುರವನ್ನು ಅರಸುವರು. ಪಕ್ಷಿಪ್ರಿಯರು ಕೆರೆಯ ದಂಡೆಯನ್ನು ಅರಸುವರು. ಈ ಎರಡು ಬಗೆಯವರೂ ಒಂದೇ ಬಂಡಿಯಲ್ಲಿ ಕುಳಿತರೆ ವಿರಸವುಂಟಾಗುವುದು ಸಹಜ. ಕಳೆದ ನವೆಂಬರಿನಲ್ಲಿ ಭೂತಾನಕ್ಕೆ ಹೋದ ನಮ್ಮ ಏಳು ಮಂದಿಯ ತಂಡದಲ್ಲಿಯೂ ಹೀಗೆಯೇ ಆಯಿತು.

ಪುನಾಖದಲ್ಲಿ ಫೋ ಚು, ಮೋ ಚು ಎಂಬ ಎರಡು ನದಿಗಳ ಸಂಗಮದಲ್ಲಿ, 1637ರಲ್ಲಿ ಶಬ್ದ್ರುಂಗ್ ನವಾಂಗ್ ನಮ್‌ಗ್ಯಾಲರು ಕಟ್ಟಿಸತೊಡಗಿದ ಕೋಟೆಮಠವಿದೆ. ಅದರೊಳಗಿನ ಚಿತ್ರಗಳನ್ನು ನೋಡುತ್ತ ಅರ್ಧದಷ್ಟು ಮಂದಿ ಮೈಮರೆತರು. ಮಿಕ್ಕವರು, ಜಗತ್ತಿನಲ್ಲಿಯೇ ಅತ್ಯಂತ ವಿರಳವಾದ ಬಿಳಿಹೊಟ್ಟೆಯ ಬಕವು ಕಾಣಬಹುದೆಂದು ಎರಡು ಗಂಟೆಗಳ ಕಾಲ ನದೀತೀರದಲ್ಲಿ ದುರ್ಬೀನು ಹಿಡಿದು ನಿಂತರು. ಬಕವು ಕಾಣಲಿಲ್ಲ, ಊಟದ ಹೊತ್ತು ಮೀರಿತು, ಮಾತು ಬೆಳೆಯಿತು. ಮರುದಿನ ಯಾರೂ ಯಾರೊಡನೆಯೂ ಹೆಚ್ಚು ಮಾತನಾಡದೆಯೇ ಫೋಬ್ಜಿಖಾ ಕಣಿವೆಗೆ ಹೊರಟೆವು.

ಈ ಕಣಿವೆಯು ಸಮುದ್ರಮಟ್ಟಕ್ಕಿಂತ ಸುಮಾರು 2,900 ಮೀಟರು ಎತ್ತರದಲ್ಲಿದೆ. ನಡುವೆ ಕುಬ್ಜ ಬಿದಿರು ಬೆಳೆದ ಜೌಗುನೆಲ. ಮೇಲಣ ದಿಬ್ಬದಲ್ಲಿ 1613ರಲ್ಲಿ ಸ್ಥಾಪಿತವಾದ ಗ್ಯಾಂಗ್ಟೆ ಮಠ. ಟಿಬೆಟ್ಟಿನ ಪ್ರಸ್ಥಭೂಮಿಯಿಂದ ಕರಿಗೊರಳಿನ ಕ್ರೌಂಚಗಳು ಅಕ್ಟೋಬರಿನ ಕೊನೆಯಿಂದ ಇಲ್ಲಿಗೆ ಬಂದು ಚಳಿಗಾಲವನ್ನು ಕಳೆಯುವುವು. ಬರುವಾಗಲೂ ಹೋಗುವಾಗಲೂ ಅವು ಮಠಕ್ಕೆ ಮೂರು ಪ್ರದಕ್ಷಿಣೆ ಬರುವುವೆಂದು ಊರವರ ನಂಬಿಕೆ. 1998ರಿಂದ ಮಠದ ಅಂಗಳದಲ್ಲಿ ನವೆಂಬರ್ 11ರಂದು ನಡೆದುಬಂದಿರುವ ಉತ್ಸವದಲ್ಲಿ ಶಾಲೆಯ ಮಕ್ಕಳು ಕ್ರೌಂಚದ ವೇಷ ತೊಟ್ಟು ಕುಣಿಯುವರು.

ಬೆಳಗಿನ ಹಿಮ ಕರಗುವ ಹೊತ್ತಿಗೆ ಕ್ರೌಂಚಗಳ ಜೋಡಿಯೊಂದು ತನ್ನ ಮರಿಯೊಡನೆ ಮೇಯುತ್ತಿದ್ದಿತು. ಚಿತ್ರ ತೆಗೆಯುವ ಆತುರದಿಂದ ನಾವು ಬೇಲಿಯನ್ನು ದಾಟಿ ಕೆಲವು ಹೆಜ್ಜೆ ಮುಂದೆ ಹೋದೆವು. ಮಾರ್ಗದರ್ಶಕರು ಹಿಂದಿನಿಂದ ನಮ್ಮ ತೋಳನ್ನು ಹಿಡಿದರು. “ತಲೆಯೆತ್ತಿದುವು, ನೋಡಿರಿ. ಮೇಯುವುದನ್ನು ಬಿಟ್ಟುವು. ಇನ್ನೊಂದು ಹೆಜ್ಜೆಗೆ ಹಾರಿಹೋಗುವುವು. ಮಠದ ಗರ್ಭಗುಡಿಯಲ್ಲಾದರೆ ಹೀಗೆ ನುಗ್ಗುತ್ತಿದ್ದಿರಾ?” ಎಂದು ಮೆಲ್ಲನೆ ಕೇಳಿದರು. ನಾವು ನಾಚಿ ಹಿಂದಕ್ಕೆ ಬಂದೆವು. ಸ್ವಲ್ಪ ಹೊತ್ತಿನಲ್ಲಿ ಹಕ್ಕಿಗಳು ಮತ್ತೆ ತಲೆ ತಗ್ಗಿಸಿದುವು.

ಆ ರಾತ್ರಿ ರೈತರೊಬ್ಬರ ಮನೆಯಲ್ಲಿ ತಂಗಿದೆವು. ಕೋಣೆಯಲ್ಲಿ ವಿದ್ಯುದ್ದೀಪವು ಉರಿಯುತ್ತಿದ್ದಿತು. ಕಿಟಕಿಯಿಂದ ನೋಡಿದರೆ ಮನೆಮನೆಯಲ್ಲಿಯೂ ಬೆಳಕು. ಆದರೆ ಜೌಗುನೆಲದ ಮೇಲೆ ಒಂದು ತಂತಿಯಾಗಲಿ ಕಂಬವಾಗಲಿ ಕಂಡುದಿಲ್ಲ. ಕಾರಣವೇನೆಂದು ಮನೆಯಾಕೆಯನ್ನು ಕೇಳಿದೆವು. ಆಕೆ ಬೆರಳಿನಿಂದ ನೆಲವನ್ನು ತೋರಿಸಿ, ಬೆಣ್ಣೆ ಹಾಕಿದ ಚಹವನ್ನು ಬಟ್ಟಲಿಗೆ ಬಗ್ಗಿಸುತ್ತ ಹೋದಳು. ಉಳಿದುದನ್ನು ಮಾರ್ಗದರ್ಶಕರು ವಿವರಿಸಿದರು. ಏಳು ಅಡಿಗೂ ಮೀರಿ ರೆಕ್ಕೆ ಚಾಚುವ ಈ ಭಾರವಾದ ಹಕ್ಕಿಯು ಮಂಜಿನಲ್ಲಿ ಹಾರುವಾಗ, ಎದುರಿಗೆ ತಂತಿ ಸಿಕ್ಕಿದರೆ ಒಡನೆ ತಿರುಗಿಕೊಳ್ಳಲಾರದು. ಆದುದರಿಂದ ಕಂಬ ನೆಡುವ ಅಗ್ಗದ ದಾರಿಯನ್ನು ಬಿಟ್ಟು, ಹೆಚ್ಚಿನ ವೆಚ್ಚವಾದರೂ ತಂತಿಗಳನ್ನು ನೆಲದೊಳಗೆ ಹೂಳಲಾಯಿತು.

ಭಾರತೀಯರಾದ ನಾವು ಆ ದೇಶದಲ್ಲಿ ತಲೆಗೆ, ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ತೆತ್ತೆವು. ಮೊದಲ ದಿನ ಅದು ದುಬಾರಿಯೆಂದು ಗೊಣಗಿದವರಲ್ಲಿ ನಾವೂ ಒಬ್ಬರು. ಫೋಬ್ಜಿಖಾದಲ್ಲಿ ಗೊಣಗಾಟವು ನಿಂತಿತು. ಗುಡಿ ಬೇರೆ, ಹಕ್ಕಿ ಬೇರೆಯೆಂಬ ಜಗಳವು ನಮ್ಮದೇ ಆಗಿದ್ದಿತು. ಆ ಊರವರಿಗೆ ಅದು ತಿಳಿದೇ ಇರಲಿಲ್ಲ.

ಹೊರಡುವ ದಿನ ಮಠದ ಮೆಟ್ಟಿಲ ಮೇಲೆ ಏಳು ಮಂದಿಯೂ ಒಟ್ಟಿಗೆ ಕುಳಿತೆವು. ಕೆಳಗಿನಿಂದ ಕ್ರೌಂಚದ ಕೂಗು ಕೇಳಿಬರುತ್ತಿದ್ದಿತು. ಬಹಳ ಹೊತ್ತಾದರೂ ‘ಇನ್ನೆಷ್ಟು ಹೊತ್ತು?’ ಎಂದು ಯಾರೂ ಕೇಳಲಿಲ್ಲ.