ತೊಗರಿ ಎಲೆಯ ಚಿತ್ರ ಎಷ್ಟು ದೊಡ್ಡದಿರಬೇಕು?

ಭಾಲ್ಕಿ ತಾಲ್ಲೂಕಿನ ಹಲಬರ್ಗಾ ತೊಗರಿಯ ಸೀಮೆಗೆ ಸೇರಿದ್ದು. ತೊಗರಿಗೆ ಗೊಡ್ಡು ರೋಗ ತಗಲಿದರೆ ಎಲೆ ಕಿರಿದಾಗಿ, ಅದರ ಮೇಲೆ ತಿಳಿ ಹಸಿರು ಮಚ್ಚೆಗಳು ಮೂಡುತ್ತವೆ. ಗಿಡ ಸೊಂಪಾಗಿ ಕಂಡರೂ ಹೂ ಬಿಡದು. ಬರಿಗಣ್ಣಿಗೆ ಕಾಣದ ನುಸಿಯೊಂದು ಇದನ್ನು ಹರಡುತ್ತದೆ. ಆರಂಭದಲ್ಲೇ ಗುರುತಿಸಿ ರೋಗದ ಗಿಡವನ್ನು ಕೀಳಬೇಕು. ಈ ಗುರುತಿಗೆ ರೈತರು ಇಂದು ಮೊಬೈಲಿನ ಚಿತ್ರಗಳನ್ನು ನೆಚ್ಚುವುದುಂಟು.

ತೊಡಕಿರುವುದು ಇಲ್ಲಿಯೇ. ಕ್ಯಾಮೆರಾದ ಮೂಲಚಿತ್ರ 4000 ಪಿಕ್ಸೆಲ್ ಅಗಲವಿದ್ದರೆ, ಸಾಮಾನ್ಯ ಮೊಬೈಲಿನ ಪರದೆಗೆ 1000 ಸಾಕು. ಅಗಲ ಕಾಲುಭಾಗವಾದಾಗ ಒಟ್ಟು ಪಿಕ್ಸೆಲ್‌ಗಳು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತವೆ. ಆದರೂ ಮೂಲಚಿತ್ರವನ್ನೇ ಜಾಲತಾಣಕ್ಕೆ ಸುರಿಯುವ ಸೋಮಾರಿತನ ಹೋಗಿಲ್ಲ. ಅದರ ಡೇಟಾ ಖರ್ಚನ್ನು ಹೊಲದಲ್ಲಿ ನಿಂತವನು ತೆರುತ್ತಾನೆ.

ಪರಿಹಾರ ಹೊಸದೇನಲ್ಲ. ಒಂದೇ ಚಿತ್ರವನ್ನು ಹಲವು ಅಳತೆಗಳಲ್ಲಿ ಸಿದ್ಧಪಡಿಸಿ, ಎಚ್‌ಟಿಎಂಎಲ್‌ನ 'ಎಸ್‌ಆರ್‌ಸಿಸೆಟ್' ಮೂಲಕ ಪಟ್ಟಿಮಾಡಿದರೆ ಬ್ರೌಸರ್ ತಕ್ಕುದನ್ನು ಆರಿಸಿಕೊಳ್ಳುತ್ತದೆ. ಆ್ಯಪ್‌ಗಳಲ್ಲಿಯೂ, 2018ರಲ್ಲಿ ಬಂದ ಆಂಡ್ರಾಯ್ಡ್ ಆ್ಯಪ್ ಬಂಡಲ್ ಆಯಾ ಪರದೆಗೆ ಬೇಕಾದ ಚಿತ್ರಗಳನ್ನಷ್ಟೇ ಇಳಿಸುತ್ತದೆ. ಹಿಂದೆ ಎಲ್ಲ ಅಳತೆಗಳೂ ಒಂದೇ ಗಂಟಿನಲ್ಲಿ ಬರುತ್ತಿದ್ದುದೇ ಹೆಚ್ಚು.

ಆದರೆ ಕುಗ್ಗಿಸುವುದಕ್ಕೂ ಮಿತಿಯುಂಟು. ಜೆಪೆಗ್ ವಿಧಾನ ಸಾಮಾನ್ಯವಾಗಿ ಬೆಳಕಿಗಿಂತ ಬಣ್ಣದ ವಿವರವನ್ನೇ ಹೆಚ್ಚು ಕಳೆಯುತ್ತದೆ. 200 ಪಿಕ್ಸೆಲ್‌ಗೆ ಇಳಿಸಿದ ಎಲೆಯಲ್ಲಿ ತಿಳಿ ಮಚ್ಚೆಗಳು ಹಸಿರಿನಲ್ಲಿ ಕರಗಿ, ರೋಗದ ಎಲೆ ಆರೋಗ್ಯದ ಎಲೆಯಂತೆಯೇ ಕಂಡೀತು. ಮಲೆನಾಡಿನ ಅಡಿಕೆಯ ಎಲೆಚುಕ್ಕಿಗೂ ಇದೇ ಗತಿ. ಆದುದರಿಂದ ಅತಿ ಚಿಕ್ಕ ಅಳತೆಯನ್ನು ನಿಗದಿಪಡಿಸುವ ಅಧಿಕಾರ ಜಾಲತಾಣ ಕಟ್ಟುವವರಿಗಷ್ಟೇ ಸೇರಬಾರದು; ಸಸ್ಯರೋಗ ತಜ್ಞರೂ ಜೊತೆಗೆ ಕೂರಬೇಕು. ಪಟ್ಟಿಗೆ ಚಿಕ್ಕ ಚಿತ್ರ, ತೆರೆದಾಗ ಮಧ್ಯಮ; ಮಚ್ಚೆಯ ಭಾಗ ಮಾತ್ರ ಪೂರ್ಣ ವಿವರದೊಡನೆ, ಅದೂ ರೈತ ಕೇಳಿದಾಗ, ಎಷ್ಟು ಡೇಟಾ ತಗಲುವುದೆಂದು ಮೊದಲೇ ತಿಳಿಸಿ.