ಜಾತಿಸೂತಕವೂ ಒಂದು ರೋಗ



ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂದು ವೀರಶೈವ ಧರ್ಮವು ಸಾರುತ್ತದೆ. ಉಳಿದ ನಾಲ್ಕನ್ನು ಬಿಟ್ಟವರ ಮನೆಯಲ್ಲಿಯೂ ಐದನೆಯದು ಒಂದು ಮೂಲೆಯಲ್ಲಿ ಕುಳಿತಿರುವುದುಂಟು. ಜಾತಿಸೂತಕವನ್ನು ಹಿರಿಯರು ಪಾಪವೆಂದರು, ಅನ್ಯಾಯವೆಂದರು. ಅದು ದೇಹವನ್ನು ಕೊಲ್ಲುವ ರೋಗವೂ ಹೌದೆಂಬುದನ್ನು ನಾವೀಗ ಅರಿಯಬೇಕಾಗಿದೆ.

ಅಮೆರಿಕ ದೇಶದಲ್ಲಿ ಮೈಬಣ್ಣ ನೋಡಿ ಮನುಷ್ಯನನ್ನು ಕೀಳಾಗಿ ಕಾಣುವ ಹಳೆಯ ಚಾಳಿಯಿದೆ. ಅಲ್ಲಿಯ ವರ್ಜೀನಿಯಾ ರಾಜ್ಯದ ಶಾಸನಸಭೆಯು 2021ರಲ್ಲಿ ಈ ವರ್ಣಭೇದವನ್ನು ಸಾರ್ವಜನಿಕ ಆರೋಗ್ಯದ ಸಂಕಟವೆಂದು ನಿರ್ಣಯಿಸಿತು. ಏಕೆಂದರೆ ಆ ಸಿರಿವಂತ ದೇಶದಲ್ಲಿಯೂ ಹೆರಿಗೆಯ ಕಾರಣದಿಂದ ಸಾಯುವ ಕಪ್ಪುವರ್ಣದ ತಾಯಂದಿರ ಪ್ರಮಾಣವು ಬಿಳಿಯರಿಗಿಂತ ಸುಮಾರು ಮೂರು ಪಟ್ಟು. ವೈದ್ಯರಿದ್ದಾರೆ, ಔಷಧವಿದೆ, ಆದರೂ ಭೇದವು ಪ್ರಾಣ ತೆಗೆಯುತ್ತದೆ.

ಅದು ಪರದೇಶದ ಮಾತು, ನಮಗೇನು ಎನ್ನಬೇಡಿರಿ. ನಮ್ಮ ದೇಶದ ಕಾಯಿದೆ ಇದನ್ನು ಎಂದೋ ಅರಿತಿತ್ತು. 1955ರಲ್ಲಿ ಬಂದು, 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಹೆಸರು ಪಡೆದ ಶಾಸನದ 4ನೆಯ ಕಲಮು ಬಾವಿ, ಕೆರೆ, ನಲ್ಲಿಗಳನ್ನು ಹೆಸರಿಸುತ್ತದೆ, 5ನೆಯದು ಆಸ್ಪತ್ರೆಯನ್ನು. ಅಸ್ಪೃಶ್ಯತೆಯ ಕಾರಣದಿಂದ ಅಲ್ಲಿ ಯಾರನ್ನಾದರೂ ತಡೆದರೆ ಒಂದರಿಂದ ಆರು ತಿಂಗಳ ಸಜೆ, ನೂರರಿಂದ ಐದುನೂರು ರೂಪಾಯಿ ದಂಡ. ನೀರು ಮತ್ತು ಮದ್ದು, ಇವೆರಡೇ ಅಲ್ಲವೇ ಆರೋಗ್ಯದ ಬೇರು?

ಈಗ ಆಸ್ಪತ್ರೆಯ ಬಾಗಿಲಲ್ಲಿ ಜಾತಿ ಕೇಳುವವರಾರು ಎಂದು ಕೆಲವರು ಕೇಳುತ್ತಾರೆ. ಒಪ್ಪೋಣ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿಯ ಹೆಸರೇ ಇದೆ. ಅಲ್ಲಿ ಎಲ್ಲ ಜಾತಿಯ ರೋಗಿಗಳೂ ಮಗ್ಗುಲು ಮಗ್ಗುಲಿನ ಮಂಚಗಳಲ್ಲಿ ಮಲಗುತ್ತಾರೆ. ಆದರೆ ರೋಗವು ಆಸ್ಪತ್ರೆಯಲ್ಲಿ ಹುಟ್ಟುವುದಿಲ್ಲ, ಊರಿನಲ್ಲಿ ಹುಟ್ಟುತ್ತದೆ. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತರ ಕೇರಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಅಸುನೀಗಿದರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದು ಯಾರೋ ಬೇಕೆಂದು ಮಾಡಿದ್ದೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ಪ್ರಶ್ನೆಯನ್ನು ನಮ್ಮನಮ್ಮ ಊರಿನಲ್ಲಿ ಕೇಳಿಕೊಳ್ಳೋಣ: ಚರಂಡಿಯ ಪಕ್ಕದ ನಲ್ಲಿ ಯಾರ ಕೇರಿಯದು? ಟ್ಯಾಂಕು ತೊಳೆಯುವುದು ಮರೆತುಹೋದರೆ ಅದು ಯಾರ ಕೇರಿಯ ಟ್ಯಾಂಕು?

ಮಲಗುಂಡಿಯ ಮಾತೂ ಹೀಗೆಯೇ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿಯೇ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ನಿಷೇಧಿಸಿದರು. ಕೇಂದ್ರವು 1993ರಲ್ಲಿ ಒಂದು, 2013ರಲ್ಲಿ ಮತ್ತೊಂದು ಕಾಯಿದೆ ಮಾಡಿತು. ಆದರೂ ಗುಂಡಿ ಕಟ್ಟಿಕೊಂಡರೆ ಒಂದೇ ಕೇರಿಯ ಮಕ್ಕಳನ್ನು ಕರೆತರುವ ರೂಢಿ ಹೋಗಿಲ್ಲ. ವಿಷಗಾಳಿಗೆ ಜಾತಿಯಿಲ್ಲ, ಅದರೊಳಗೆ ಇಳಿಸುವ ಕೈಗಿದೆ.

ಮುಟ್ಟಿದರೆ ಮೈಲಿಗೆಯೆಂದು ಮಿಂದು ಮಡಿಯಾಗುವ ನಾವು, ನಮ್ಮ ಮೈಲಿಗೆಯನ್ನೆಲ್ಲ ಮತ್ತೊಬ್ಬರ ಕೇರಿಗೆ ಹರಿಸಿ ಅವರನ್ನೇ ಮೈಲಿಗೆಯವರೆಂದರೆ ಶಿವನು ಮೆಚ್ಚುವನೇ? ನಾಳೆ ಅದೇ ವಾಂತಿಭೇದಿ ನಮ್ಮ ಓಣಿಗೂ ಬಂದೀತೆಂಬ ಭಯದಿಂದ ಶುದ್ಧ ನೀರು ಕೊಡುವುದು ಜಾಣತನ. ಅವರ ಮಗುವಿನ ಹೊಟ್ಟೆಯೂ ನಮ್ಮ ಮಗುವಿನ ಹೊಟ್ಟೆಯೇ ಎಂದು ಕೊಡುವುದು ದಾಸೋಹ.

ಆದುದರಿಂದ ಚಿಗಟೇರಿ ಹೋಬಳಿಯ ಹಿರಿಯರಲ್ಲಿ ನಮ್ಮ ಮಾತಿಷ್ಟೇ. ಮುಂದಿನ ಗ್ರಾಮಸಭೆಯಲ್ಲಿ ಕೇರಿಯ ಕೊನೆಯ ಮನೆಯ ನಲ್ಲಿಯ ಲೆಕ್ಕವನ್ನು ಮೊದಲು ಕೇಳಿರಿ. ಗುಂಡಿಗೆ ಯಂತ್ರ ತರಿಸಿರಿ, ಮನುಷ್ಯನನ್ನು ಇಳಿಸಬೇಡಿರಿ. ಜಾತ್ರೆಯಲ್ಲಿ ನೀರಿನ ಅರವಟಿಗೆ ಒಂದೇ ಇರಲಿ, ಪ್ರಸಾದದ ಪಂಕ್ತಿ ಒಂದೇ ಇರಲಿ, ಚಹಾದಂಗಡಿಯ ಲೋಟವೂ ಒಂದೇ ಇರಲಿ. ತಪ್ಪು ನಡೆದ ಮೇಲೆ ಕಾಯಿದೆ ಬರುತ್ತದೆ. ತಪ್ಪು ನಡೆಯದಂತೆ ಕಾಯುವುದು ಆಚಾರ. ಆ ಆಚಾರವು ಮನೆಯ ಹೊಸ್ತಿಲಿನಿಂದಲೇ ಆರಂಭವಾಗಲಿ.

ಸರ್ವರಿಗೂ ಶಿವನು ಆರೋಗ್ಯಭಾಗ್ಯವನ್ನು ಕರುಣಿಸಲಿ.